ಒಂದೇ ಕಂಬದ ಕೋರ್ಟಿನ ಮಿಸ್

ಕಳೆದ ಮೇ ತಿಂಗಳ ನಡುವೆ ಸಫಿಯಾ ಫೋನಿಗೆ ಒಂದು ಸಂದೇಶ ಕಳಿಸಿದಳು. "ಮೂವತ್ತೊಂದಕ್ಕೆ ಮಿಸ್ ರಿಟೈರ್. ಮರುದಿನವೇ ಊರಿಗೆ ಹೋಗ್ತಾರಂತೆ. ಹಳೆಯ ಟೀಮಿನವರು ಎಲ್ಲರೂ ಬರಬೇಕು. ನೀನೂ." ಸಫಿಯಾ ಕಾಲೇಜಿನಲ್ಲಿ ನಮ್ಮ ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್ ಆಗಿದ್ದವಳು, ಈಗ ಉಪ್ಪಳದಲ್ಲಿ ಔಷಧದ ಅಂಗಡಿ ನಡೆಸುತ್ತಾಳೆ. ಅವಳ ಮಾತು ಯಾವಾಗಲೂ ಹೀಗೆ ಚುಟುಕು. ಆದರೆ ಆ ಕೊನೆಯ 'ನೀನೂ' ಮಾತ್ರ ಅವಳು ಬೇಕೆಂದೇ ಸೇರಿಸಿದ್ದು.

ಹತ್ತೊಂಬತ್ತು ವರ್ಷಗಳಿಂದ ನಾನು ಮಿಸ್ ಅವರಿಗೆ ಮುಖ ಕೊಟ್ಟಿರಲಿಲ್ಲ. ಅವರಿದ್ದದ್ದು ಕಾಸರಗೋಡಿನಲ್ಲಿ, ನಾನಿರುವುದು ಬದಿಯಡ್ಕದ ಹತ್ತಿರ, ಬಸ್ಸಿನಲ್ಲಿ ಗಂಟೆಯೊಳಗಿನ ದಾರಿ. ಕಾರಣ ಸಣ್ಣದು, ಹೇಳಿದರೆ ಯಾರಿಗಾದರೂ ನಗು ಬರುವಂಥದ್ದು. ಅವರ ಇಡೀ ಸೇವಾವಧಿಯಲ್ಲಿ ನಮ್ಮ ಕಾಲೇಜಿನ ತಂಡ ಅಂತರ ಕಾಲೇಜು ಪಂದ್ಯಾವಳಿಯ ಫೈನಲ್ ತಲುಪಿದ್ದು ಒಂದೇ ಒಂದು ಸಲ. ಆ ಫೈನಲ್ಲಿನ ಕೊನೆಯ ಗಳಿಗೆಯಲ್ಲಿ ನಾನು ಚೆಂಡನ್ನು ನಾವು ಕಾಯಬೇಕಾಗಿದ್ದ ರಿಂಗಿಗೇ ಹಾಕಿದೆ. ಅಂಕಗಳು ಎದುರಾಳಿಗಳಿಗೆ ಹೋದವು, ಒಂದು ಅಂಕದಿಂದ ಸೋತೆವು. ಮಿಸ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಂದೇ ಮುಗಿಯುತ್ತಿತ್ತು. ಅವರು ಏನೂ ಹೇಳಲಿಲ್ಲ, ನಾನು ಏನೂ ಕೇಳಲಿಲ್ಲ. ಅವರು ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ಎಂಬ ಪ್ರಶ್ನೆಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಬಿ.ಎಡ್. ಮುಗಿಸಿದೆ, ಮದುವೆಯಾದೆ, ಶಾಲೆಯಲ್ಲಿ ಟೀಚರ್ ಆದೆ, ಎರಡು ಮಕ್ಕಳ ತಾಯಿಯಾದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಚ್ಚಿನಲ್ಲಿ ಹೆಸರು ಕಂಡರೆ ಸಿಡಿಮಿಡಿಗೊಳ್ಳುವ ಪೈಕಿ ಅವರು. ನಮಗೂ ಆ ಹೆಸರಿನ ಅಗತ್ಯ ಯಾವತ್ತೂ ಬಿದ್ದದ್ದಿಲ್ಲ. ಕಾಲೇಜಿನ ಅಧ್ಯಾಪಕಿಯರೆಲ್ಲ ನಮಗೆ 'ಟೀಚರ್'. ಮಿಸ್ ಎಂದರೆ ಒಬ್ಬರೇ.

ಕೊಟ್ಟಾಯಂ ಕಡೆಯಿಂದ ದೈಹಿಕ ಶಿಕ್ಷಣದ ಅಧ್ಯಾಪಕಿಯಾಗಿ ಬಂದವರು. ಮೂರು ವರ್ಷ ಇದ್ದು ವರ್ಗ ಮಾಡಿಸಿಕೊಂಡು ಹೋಗುವುದೆಂದು ಎಣಿಸಿದ್ದರಂತೆ. ದಕ್ಷಿಣದಿಂದ ನಮ್ಮ ಜಿಲ್ಲೆಗೆ ಬರುವವರೆಲ್ಲ ಹಾಗೆಯೇ ಎಣಿಸುತ್ತಾರೆ. ಬಾಸ್ಕೆಟ್‌ಬಾಲ್ ಕಲಿಸುವವರೆಂದರೆ ಎತ್ತರದ ಆಳು ಎಂದು ತಿಳಿದಿದ್ದ ನಮಗೆ ಅವರನ್ನು ಕಂಡಾಗ ನಂಬಿಕೆಯೇ ಬರಲಿಲ್ಲ. ಐದಡಿಗೆ ಒಂದಿಂಚು ಕಡಿಮೆ. ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು, ಆದರೆ ಅದನ್ನು ಊದಿದ್ದನ್ನು ನಾನು ಕೇಳಿದ್ದು ಕಡಿಮೆ. ಸೀಟಿ ಊದಿದರೆ ದನಗಳು ಮಾತ್ರ ತಿರುಗಿ ನೋಡುತ್ತವೆ ಎನ್ನುತ್ತಿದ್ದರು. ನಮ್ಮ ಮೈದಾನದಲ್ಲಿ ದನಗಳಿಗೆ ಏನೂ ಕೊರತೆ ಇರಲಿಲ್ಲ.

ನಾನು ಬಿ.ಎ. ಮೊದಲ ವರ್ಷಕ್ಕೆ ಸೇರಿದ ವಾರದಲ್ಲೇ ಅವರ ಕಣ್ಣಿಗೆ ಬಿದ್ದೆ. ಬೀಳದಿರಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಐದಡಿ ಹತ್ತು ಇಂಚಿನ ಹುಡುಗಿಗೆ ಪೈವಳಿಕೆಯಲ್ಲಿ ಬೆಳೆಯುವುದೆಂದರೆ ಏನೆಂದು ಎತ್ತರದ ಹುಡುಗಿಯರಿಗೆ ಮಾತ್ರ ಗೊತ್ತು. "ನಿನಗೆ ಗಂಡು ಎಲ್ಲಿಂದ ತರುವುದು?" ಎಂದು ಕೇಳದ ಅತ್ತೆಯಿಲ್ಲ, ಮಾವನಿಲ್ಲ. ಹಾಗಾಗಿ ಭುಜ ಬಾಗಿಸಿ, ಕತ್ತು ಮುಂದಕ್ಕೆ ಹಾಕಿ ನಡೆಯುವುದು ನನ್ನ ಅಭ್ಯಾಸವಾಗಿಬಿಟ್ಟಿತ್ತು. ವರಾಂಡದಲ್ಲಿ ಎದುರಾದ ಮಿಸ್ ತಲೆಯೆತ್ತಿ ನನ್ನನ್ನು ನೋಡಿದರು.

"ನೆಟ್ಟಗೆ ನಿಲ್ಲು ನೋಡುವ."

ನಿಂತೆ. ಅವರ ತಲೆ ನನ್ನ ಭುಜದ ಹತ್ತಿರ ಬಂತು.

"ಇಷ್ಟನ್ನು ಯಾಕೆ ಮಡಚಿ ಇಟ್ಟದ್ದು ನೀನು?" ಎಂದರು. ಅಷ್ಟೇ. ಸಾಯಂಕಾಲ ನಾನು ಮೈದಾನದಲ್ಲಿದ್ದೆ.

ಅಪ್ಪನಿಗೆ ವಿಷಯ ತಿಳಿದಾಗ ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಅಪ್ಪ ಪೈವಳಿಕೆಯಲ್ಲಿ ಟೈಲರ್. ಮೂರು ದಿನ ನಾನು ಅಭ್ಯಾಸಕ್ಕೆ ಹೋಗಲಿಲ್ಲ. ನಾಲ್ಕನೆಯ ದಿನ ಮಿಸ್ ಬಸ್ಸು ಹಿಡಿದು ನೇರ ಅಪ್ಪನ ಅಂಗಡಿಗೇ ಬಂದರು. ನಾನು ಬಟ್ಟೆಗೆ ಗುಂಡಿ ಹೊಲಿಯುತ್ತಾ ಮೂಲೆಯಲ್ಲಿ ಕುಳಿತಿದ್ದೆ.

"ಅಲ್ಲ ಟೀಚರೇ," ಅಪ್ಪ ಹೊಲಿಗೆ ಮಿಷನ್ನಿನಿಂದ ಏಳದೆ ಹೇಳಿದರು, "ಹೆಣ್ಣು ಮಗು ಚಡ್ಡಿ ಹಾಕಿಕೊಂಡು ನಾಲ್ಕು ಜನರ ಎದುರು ಓಡುವುದು ಎಂತ ಚಂದ?"

"ಚಂದ ಇಲ್ಲ," ಎಂದರು ಮಿಸ್. ಅಪ್ಪ ಮಿಷನ್ನಿನ ಪೆಡಲಿನಿಂದ ಕಾಲು ತೆಗೆದರು. "ನೀವು ಹೇಳಿದ್ದು ಸರಿ. ಚಡ್ಡಿ ಬೇಡ. ನೀವೇ ಒಂದು ಪ್ಯಾಂಟ್ ಹೊಲಿದು ಕೊಡಿ. ಅವಳಿಗೆ ಓಡ್ಲಿಕ್ಕೂ ಆಗಬೇಕು, ನಿಮಗೆ ನೋಡ್ಲಿಕ್ಕೂ ಆಗಬೇಕು."

"ಒಬ್ಬಳಿಗೆ ಬೇರೆ ಡ್ರೆಸ್ಸು ಹೇಗೆ ಆಗ್ತದೆ? ಎಲ್ಲರೂ ನಗಾಡುವುದಿಲ್ಲವಾ?"

"ಹಾಗಾದ್ರೆ ಹನ್ನೆರಡು ಜನಕ್ಕೂ ಹೊಲಿರಿ."

ಅಪ್ಪ ಹೊಲಿದರು. ನಮ್ಮ ತಂಡ ಮೂರು ವರ್ಷ ಪಾದದವರೆಗಿನ ಕಡುನೀಲಿ ಪ್ಯಾಂಟಿನಲ್ಲಿ ಆಡಿತು. ಸಫಿಯಾಳ ಮನೆಯಲ್ಲೂ ಅದರಿಂದ ಒಂದು ದೊಡ್ಡ ತಲೆನೋವು ತಪ್ಪಿತು. ಅಪ್ಪ ತಮ್ಮ ಕೆಲಸದ ಮರ್ಯಾದೆಗೆಂದು ಪ್ರತಿ ಪ್ಯಾಂಟಿಗೂ ಎರಡೆರಡು ಕಿಸೆ ಇಟ್ಟಿದ್ದರು. ಮೊದಲ ಪಂದ್ಯದ ದಿನ ಅಂಪೈರು ಕಿಸೆ ಇರಕೂಡದೆಂದು ಹಟ ಹಿಡಿದಾಗ ಮಿಸ್ ತಮ್ಮ ಚೀಲದಿಂದ ಸೂಜಿದಾರ ತೆಗೆದು ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಇಪ್ಪತ್ತನಾಲ್ಕು ಕಿಸೆಗಳ ಬಾಯಿ ಹೊಲಿಸಿದರು. ಅಪ್ಪನಿಗೆ ಹೇಳಬಾರದೆಂದು ಆಣೆ ಬೇರೆ. ಮುಂದೆ ನಾನು ಪ್ರತಿ ಪಂದ್ಯ ಮುಗಿಸಿ ಬಂದಾಗಲೂ ಅಪ್ಪ ಸೋಲು ಗೆಲುವು ಕೇಳುವ ಮೊದಲು ಕೇಳುತ್ತಿದ್ದದ್ದು, "ಹೊಲಿಗೆ ಎಲ್ಲಿಯೂ ಬಿಡಲಿಲ್ಲವಲ್ಲ?" ಎಂದು.

ಮಿಸ್ ಅವರ ಕನ್ನಡದ ಬಗ್ಗೆ ಹೇಳದಿದ್ದರೆ ಅವರ ಚಿತ್ರ ಅರ್ಧವೇ. ಬಂದ ವರ್ಷ ಅವರು ಕೋರ್ಟಿನ ಬದಿಯಲ್ಲಿ ನಿಂತು ಮಲಯಾಳದಲ್ಲಿ ಕೂಗಿ ಆಡಿಸುತ್ತಿದ್ದರಂತೆ. ನಮ್ಮವರಿಗೆ ಅರ್ಧ ಅರ್ಥವಾಗುತ್ತಿತ್ತು, ದಕ್ಷಿಣದಿಂದ ಬಂದ ಎದುರಾಳಿಗಳಿಗೆ ಪೂರ್ತಿ. ಯಾರಿಗೆ ಪಾಸ್ ಹೋಗುತ್ತದೆಂದು ನಮ್ಮವರಿಗಿಂತ ಮೊದಲೇ ಅವರು ತಿಳಿದುಕೊಂಡು ಅಡ್ಡ ನಿಲ್ಲುತ್ತಿದ್ದರು. ಆ ವರ್ಷದ ಸೋಲುಗಳಾದ ಮೇಲೆ ಮಿಸ್ ಹುಡುಗಿಯರ ನಡುವೆ ಕುಳಿತು ಮಾತು ಕಲಿಯಲು ಶುರು ಮಾಡಿದರು. ಕೆಲವರು ಕನ್ನಡ ಕಲಿಸಿದರು, ಕೆಲವರು ತುಳು. ಇವೆರಡೂ ಬೇರೆ ಬೇರೆ ಭಾಷೆಗಳೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಎರಡು ವರ್ಷ ಅವರು ಎರಡನ್ನೂ ಒಂದೇ ಎಂದು ನಂಬಿ ಧೈರ್ಯವಾಗಿ ಮಾತಾಡಿದರು. "ಪ್ರಿನ್ಸಿಪಾಲ್ ಬರ್ಪೆರ್, ಎಲ್ಲರೂ ಎದ್ದು ನಿಲ್ಲಿ" ಎಂದು, 'ಬರುತ್ತಾರೆ' ಎಂಬುದನ್ನು ಮಾತ್ರ ತುಳುವಿನಲ್ಲಿ ಹೇಳಿದ್ದು ಕಾಲೇಜಿನಲ್ಲಿ ಬಹಳ ಕಾಲ ತಮಾಷೆಯ ಮಾತಾಗಿ ಉಳಿದಿತ್ತು.

ನಮ್ಮ ಕಾಲಕ್ಕೆ ಅದು ಪಕ್ಕಾ ವ್ಯವಸ್ಥೆಯಾಗಿತ್ತು. ಆಟದ ಹೂಟಗಳಿಗೆಲ್ಲ ತುಳು ಲೆಕ್ಕ: ಒಂಜಿ, ರಡ್ಡ್, ಮೂಜಿ. ಸಫಿಯಾ "ಮೂಜಿ!" ಎಂದು ಕೂಗಿದರೆ ಎಡದಿಂದ ಇಬ್ಬರು ಓಡಬೇಕು, ನಾನು ರಿಂಗಿನ ಅಡಿಗೆ ಬಂದು ನಿಲ್ಲಬೇಕು. ಎದುರಾಳಿಗಳು ಕಣ್ಣು ಕಣ್ಣು ಬಿಡುತ್ತಿದ್ದರು. "ಮ್ಯಾಚಿಗೆ ಹೊರಟು ಬಸ್ಸು ಹತ್ತಿದ ಮೇಲೆ ಮನೆ ಮುಟ್ಟುವವರೆಗೆ ನನಗೆ ಮಲಯಾಳ ಗೊತ್ತಿಲ್ಲ" ಎಂದು ಮಿಸ್ ತಮಗೆ ತಾವೇ ನಿಯಮ ಮಾಡಿಕೊಂಡಿದ್ದರು. ಅದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರೆಂದರೆ, ತಮ್ಮೂರಿನ ಹಳೆಯ ಗೆಳತಿಯೊಬ್ಬರು ಬೇರೊಂದು ತಂಡದ ಕೋಚ್ ಆಗಿ ಎದುರಾದಾಗಲೂ ತಲೆಯಾಡಿಸಿ ನಕ್ಕರೇ ಹೊರತು ಬಾಯಿ ಬಿಡಲಿಲ್ಲ. ಇವರು ಆಡುವುದು ಯಾವ ಭಾಷೆ ಎಂದು ಆ ಗೆಳತಿ ಪಂದ್ಯದ ನಂತರ ಕೇಳಿದರಂತೆ. ನಮ್ಮದು ಎಂದರಂತೆ ಮಿಸ್.

ಮಿಸ್ ಅವರದೊಂದು ಪುಟ್ಟ ನೋಟುಪುಸ್ತಕವಿತ್ತು. ಅದರಲ್ಲಿ ಯಾರಿಗೆ ಸಂಕಷ್ಟಿ, ಯಾರಿಗೆ ಗುರುವಾರ, ಯಾರಿಗೆ ರಂಜಾನ್ ಎಂದು ಉಪವಾಸಗಳ ಪಟ್ಟಿ. ಆಯಾ ದಿನ ಆಯಾ ಹುಡುಗಿಯನ್ನು ಓಡಿಸದೆ ನೆರಳಿನಲ್ಲಿ ಕೂರಿಸಿ, "ಇವತ್ತು ನೀನು ಇವರ ತಪ್ಪು ಹಿಡಿಯುವ ಕೆಲಸ ಮಾಡು" ಎನ್ನುತ್ತಿದ್ದರು. ಉಪವಾಸ ಮುಚ್ಚಿಟ್ಟು ಓಡಿ ತಲೆತಿರುಗಿ ಬಿದ್ದವಳಿಗೆ ಮಾತ್ರ ಬೈಗುಳ ತಪ್ಪುತ್ತಿರಲಿಲ್ಲ. "ದೇವರಿಗೆ ಗೊತ್ತಿರುವುದು ನನಗೆ ಗೊತ್ತಾದ್ರೆ ಎಂತ ನಷ್ಟ?" ಎಂದು ಕೇಳುತ್ತಿದ್ದರು.

ಇನ್ನು ಆ ಕೋರ್ಟು. ಕಾಲೇಜಿನ ಹಿಂದೆ ಕೆಂಪುಕಲ್ಲಿನ ಗುಡ್ಡವನ್ನು ಕಡಿದು ಸಮತಟ್ಟು ಮಾಡಿದ ಅಂಗಳ. ಮಿಸ್ ಬಂದ ಎರಡನೆಯ ಮಳೆಗಾಲದಲ್ಲಿ ಗಾಳಿಗೆ ಪಡುಬದಿಯ ಕಂಬ ಬೋರ್ಡು ರಿಂಗು ಸಮೇತ ಮಗುಚಿ ಬಿತ್ತು. ಉಳಿದದ್ದು ಮೂಡುಬದಿಯ ಕಂಬ ಒಂದೇ. ಪ್ರತಿ ಜೂನಿನಲ್ಲಿ ಮಿಸ್ ಹೊಸ ಕಂಬಕ್ಕೆ ಅರ್ಜಿ ಬರೆಯುತ್ತಿದ್ದರು. ಎಸ್ಟಿಮೇಟ್ ಆಗಿದೆ ಎಂದು ಒಂದು ವರ್ಷ, ಸ್ಯಾಂಕ್ಷನ್ ಆಗಬೇಕು ಎಂದು ಇನ್ನೊಂದು ವರ್ಷ, ಫಯಲು ಮೇಲಕ್ಕೆ ಹೋಗಿದೆ ಎಂದು ಮತ್ತೊಂದು ವರ್ಷ. ಕಂಬ ಮಾತ್ರ ನಾನು ಕಾಲೇಜು ಬಿಡುವವರೆಗೂ ಬರಲಿಲ್ಲ.

ಹಾಗಾಗಿ ನಮ್ಮ ಆಟವೆಲ್ಲ ಅರ್ಧ ಕೋರ್ಟಿನದು. ದಾಳಿ ಮಾಡುವವರಿಗೂ ಅದೇ ರಿಂಗು, ತಡೆಯುವವರಿಗೂ ಅದೇ ರಿಂಗು. ಪಂದ್ಯಾವಳಿ ಹತ್ತಿರವಾದಾಗ ಒಂದೆರಡು ದಿನ ಬೇರೆ ಕಡೆಯ ಪೂರ್ತಿ ಕೋರ್ಟಿನಲ್ಲಿ ಆಡಿಸಿ ತರುತ್ತಿದ್ದರು, ಅಷ್ಟೆ. ನನಗಂತೂ ಮಿಸ್ ಕಲಿಸಿದ್ದು ಮುಖ್ಯವಾಗಿ ಒಂದೇ ಕೆಲಸ. ರಿಂಗಿನ ಅಡಿಯಲ್ಲಿ ನಿಲ್ಲುವುದು, ಯಾರೋ ಎಸೆದ ಚೆಂಡು ತಪ್ಪಿ ಕೆಳಗೆ ಬೀಳುವಾಗ ಎಲ್ಲರಿಗಿಂತ ಮೇಲೆ ಹಾರಿ ಹಿಡಿಯುವುದು, ಹಿಡಿದದ್ದನ್ನು ಕೆಳಗಿಳಿಸದೆ ಹಾಗೆಯೇ ರಿಂಗಿಗೆ ಹಾಕುವುದು. "ಸಿಕ್ಕಿದ್ರೆ ಹಾಕು. ಯೋಚನೆ ಮಾಡಬೇಡ. ಯೋಚನೆ ಮಾಡುವುದು ಸಫಿಯಾನ ಕೆಲಸ." ದಿನಕ್ಕೆ ನೂರು ಸಲ, ಮೂರು ವರ್ಷ. ಅವರು ತಪ್ಪಿಸಿ ಎಸೆಯುವುದು, ನಾನು ಹಾರಿ ಹಿಡಿದು ಹಾಕುವುದು. ಹಾಕಿದಾಗಲೆಲ್ಲ ಚಪ್ಪಾಳೆ. ಆ ಚಪ್ಪಾಳೆ ಕೇಳಲಿಕ್ಕಾಗಿ ನಾನು ಗುಡ್ಡದಿಂದ ಬೇಕಾದರೆ ಹಾರುತ್ತಿದ್ದೆ. ಜೀವನದಲ್ಲಿ ಮೊದಲ ಸಲ ನನ್ನ ಎತ್ತರ ಒಬ್ಬರಿಗೆ ಬೇಕಾಗಿತ್ತು.

ಮೂರನೆಯ ವರ್ಷ ನಾವು ಹೇಗೆ ಫೈನಲ್ ತಲುಪಿದೆವೋ ಈಗಲೂ ಆಶ್ಚರ್ಯ. ಪಂದ್ಯ ನಡೆದದ್ದು ದಕ್ಷಿಣದ ಒಂದು ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ, ಆ ಊರಿನದೇ ಕಾಲೇಜಿನ ತಂಡದ ಎದುರು. ಜನವೆಲ್ಲ ಅವರ ಕಡೆ. ಗೆದ್ದ ಕಾಲೇಜಿನ ಕೋಚ್‌ಗೆ ಆ ವರ್ಷ ವಿಶ್ವವಿದ್ಯಾನಿಲಯದ ತಂಡವನ್ನು ಕರೆದುಕೊಂಡು ಹೋಗುವ ಅವಕಾಶ ಕೊಡುವುದು ವಾಡಿಕೆ. ಅದು ನಮಗೆಲ್ಲ ಗೊತ್ತಿತ್ತು. ಮಿಸ್ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ಆದರೆ ಅಂದು ಬೆಳಿಗ್ಗೆ ಅವರು ಕಾಫಿಗೆ ಸಕ್ಕರೆ ಹಾಕಲು ಮರೆತು ಕುಡಿದದ್ದನ್ನು ನಾವು ನೋಡಿದ್ದೆವು.

ಕೊನೆಯ ಹತ್ತು ಸೆಕೆಂಡು ಉಳಿದಿದ್ದಾಗ ನಾವು ಒಂದು ಅಂಕ ಮುಂದಿದ್ದೆವು. ಎದುರಾಳಿಗಳು ನಾವು ಕಾಯುತ್ತಿದ್ದ ರಿಂಗಿಗೆ ಚೆಂಡೆಸೆದರು. ತಪ್ಪಿತು. ನಾನು ಹಾರಿದೆ. ಚೆಂಡು ಎರಡೂ ಕೈಗೆ ಬಂದು ಕೂತಿತು. ನಾನು ಅದನ್ನು ಸಫಿಯಾಗೆ ಕೊಟ್ಟಿದ್ದರೆ, ಅಥವಾ ಸುಮ್ಮನೆ ಅಪ್ಪಿಕೊಂಡು ನಿಂತಿದ್ದರೂ ಸಾಕಿತ್ತು, ಪಂದ್ಯ ನಮ್ಮದು. ಎದುರಾಳಿ ಹುಡುಗಿಯರು ನಾನು ಪಾಸ್ ಕೊಡುವೆನೆಂದು ನಮ್ಮವರ ಕಡೆಗೆ ಓಡಿದರು. ನನ್ನ ಸುತ್ತ ಯಾರೂ ಇಲ್ಲ. ಕೈಯಲ್ಲಿ ಚೆಂಡು, ತಲೆಯ ಮೇಲೆ ರಿಂಗು. ಆಗ ಗದ್ದಲದ ನಡುವೆ ಒಂದು ಹೆಣ್ಣುದನಿ ಮಲಯಾಳದಲ್ಲಿ ಕೂಗಿತು: "ಇಡ್ ಮೋಳೇ!" ಹಾಕು ಮಗಳೇ ಎಂದು.

ನಾನು ಹಾಕಿದೆ. ಅಷ್ಟು ಚಂದದ ಶಾಟ್ ಆ ಪಂದ್ಯದಲ್ಲಿ ನಾನು ಮತ್ತೊಂದು ಹಾಕಿರಲಿಲ್ಲ.

ಆಮೇಲೆ ಎದ್ದ ಕೇಕೆ ಇದೆಯಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಸಫಿಯಾ ತಲೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಮುಖ ನೋಡಿದ ಮೇಲೆಯೇ ನನಗೆ ನಾನು ಯಾವ ರಿಂಗಿನ ಅಡಿಯಲ್ಲಿದ್ದೇನೆಂದು ಗೊತ್ತಾದದ್ದು. ಉಳಿದ ಏಳೋ ಎಂಟೋ ಸೆಕೆಂಡಿನಲ್ಲಿ ನಮ್ಮಿಂದ ಏನೂ ಆಗಲಿಲ್ಲ.

ಆ ಕೂಗು ಎದುರಾಳಿಗಳ ಕಡೆಯ ಯಾವುದೋ ಹೆಂಗಸಿನದೆಂದೇ ನಾನು ತಿಳಿದೆ. ನನ್ನ ಗೊಂದಲ ಕಂಡು, ಬೇಕೆಂದೇ ನನ್ನನ್ನು ಬೀಳಿಸಲು ಕೂಗಿದ್ದಾಳೆ. ಆ ಮುಖ ಕಾಣದ ಹೆಂಗಸಿಗೆ ನಾನು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಪಾಠ ಮಾಡುತ್ತಿರುವಾಗ, ದೋಸೆ ಮಗುಚುತ್ತಿರುವಾಗ, ಯಾವುದೋ ಹೊತ್ತಿನಲ್ಲಿ ಆ ದನಿ ಕಿವಿಯೊಳಗೆ ಬಂದು ನನ್ನ ಮುಖ ಬಿಸಿಯಾಗುತ್ತಿತ್ತು.

ಮರುಪ್ರಯಾಣದಲ್ಲಿ ಮಿಸ್ ನಮಗೆಲ್ಲ ಚಹಾ, ಬೇಳೆಯ ಪರಿಪ್ಪುವಡೆ ಕೊಡಿಸಿ, ರೈಲು ಹೊರಟ ಮೇಲೆ ಬೋಗಿಯ ಬಾಗಿಲಿನ ಹತ್ತಿರ ಹೋಗಿ ನಿಂತರು. ಕಾಸರಗೋಡು ಬರುವವರೆಗೂ ಹೊರಗೆ ನೋಡುತ್ತಾ ಅಲ್ಲೇ ನಿಂತಿದ್ದರು. ಒಮ್ಮೆಯೂ ನಮ್ಮ ಕಡೆಗೆ ತಿರುಗಲಿಲ್ಲ. ನಾನು ಆ ಬೆನ್ನನ್ನೇ ನೋಡುತ್ತಾ ಕುಳಿತಿದ್ದೆ. ಹೋಗಿ ಕಾಲು ಹಿಡಿಯಬೇಕೆಂದು ನಾಲ್ಕು ಸಲ ಎದ್ದೆ, ನಾಲ್ಕು ಸಲವೂ ಕುಳಿತೆ. ನನ್ನ ಮುಖ ನೋಡಲೂ ಅವರಿಗೆ ಮನಸ್ಸಿಲ್ಲ ಎಂದು ಖಚಿತವಾಗಿತ್ತು. ಪರೀಕ್ಷೆಗಳು ಬಂದವು. ಮೈದಾನದ ಕಡೆಗೆ ನಾನು ಮತ್ತೆ ಹೋಗಲಿಲ್ಲ.

ಆ ಜೂನಿನಲ್ಲಿ ಅಂಕಪಟ್ಟಿಗೆಂದು ಕಾಸರಗೋಡಿಗೆ ಬಂದವಳು ಬಸ್ ಸ್ಟ್ಯಾಂಡಿನಲ್ಲಿ ಮಳೆಗೆ ನಿಂತಿದ್ದೆ. ಎದುರುಗಡೆ ಕೊಡೆ ಮಡಚುತ್ತಾ ಮಿಸ್ ಬರುತ್ತಿದ್ದರು. ನನ್ನನ್ನು ಕಂಡರೋ ಇಲ್ಲವೋ ತಿಳಿಯಲಿಲ್ಲ. ನಾನು ಮಾತ್ರ ಗಕ್ಕನೆ ತಿರುಗಿ, ಅಲ್ಲಿದ್ದ ಬಸ್ಸಿನ ವೇಳಾಪಟ್ಟಿಯ ಹಲಗೆಯನ್ನು ಓದುವವಳಂತೆ ನಿಂತುಬಿಟ್ಟೆ. ಹತ್ತು ನಿಮಿಷ ಓದಿದೆ. ತಿರುಗಿ ನೋಡಿದಾಗ ಅವರಿರಲಿಲ್ಲ. ಬದುಕಿದೆ ಎಂದು ಉಸಿರುಬಿಟ್ಟದ್ದು ನೆನಪಿದೆ.

ಆಮೇಲೆ ತಪ್ಪಿಸಿಕೊಳ್ಳುವುದು ಸುಲಭವಾಯಿತು. ಮದುವೆಗೆ ಅವರನ್ನು ಕರೆಯಲಿಲ್ಲ. ಹಳೆಯ ವಿದ್ಯಾರ್ಥಿಗಳ ಸಭೆಗಳಿಗೆ ಹೋಗಲಿಲ್ಲ. ಸಫಿಯಾ ಪ್ರತಿ ವರ್ಷ ಕರೆಯುತ್ತಿದ್ದಳು, ನನಗೆ ಪ್ರತಿ ವರ್ಷ ಏನಾದರೊಂದು ಸಿಗುತ್ತಿತ್ತು: ಮಗುವಿಗೆ ಜ್ವರ, ಶಾಲೆಯಲ್ಲಿ ತರಬೇತಿ, ಎಡನೀರಿನಲ್ಲಿ ಯಾರದೋ ಉಪನಯನ. ಮಿಸ್ ವರ್ಗ ಮಾಡಿಸಿಕೊಂಡು ಹೋಗಲೇ ಇಲ್ಲ. ಅವರ ತಂಡ ಮತ್ತೆ ಫೈನಲ್ ತಲುಪಲೂ ಇಲ್ಲ. ಈ ಸುದ್ದಿಯನ್ನು ನಾನು ಪ್ರತಿ ವರ್ಷ ಪತ್ರಿಕೆಯ ಕ್ರೀಡಾ ಪುಟದಲ್ಲಿ ಹುಡುಕಿ ಓದುತ್ತಿದ್ದೆ. ಅವರ ಒಂದೇ ಒಂದು ಅವಕಾಶವನ್ನು ನಾನು ತಿಂದುಹಾಕಿದೆ ಎಂಬುದು ವರ್ಷ ವರ್ಷಕ್ಕೂ ಗಟ್ಟಿಯಾಗುತ್ತಾ ಹೋಯಿತು.

ಮೇ ಮೂವತ್ತೊಂದರಂದು ಹೋದೆ. ಹೋಗದಿದ್ದ ಪಕ್ಷದಲ್ಲಿ ಇನ್ನು ಕೇಳಲು ಅವರು ಇಲ್ಲಿರುವುದಿಲ್ಲ ಎಂಬುದೊಂದೇ ನನ್ನನ್ನು ಬಸ್ಸು ಹತ್ತಿಸಿತು. ಕೇರಳದಲ್ಲಿ ಆ ದಿನ ಎಲ್ಲ ಕಚೇರಿಗಳಲ್ಲೂ ಬೀಳ್ಕೊಡುಗೆಯೇ. ಬಸ್ಸಿನಲ್ಲಿ ಹಾರ ಹಿಡಿದವರೇ ಮೂರು ನಾಲ್ಕು ಜನ ಇದ್ದರು. ಕಾಲೇಜಿನ ಹಿಂದೆ ಈಗ ಸಿಮೆಂಟಿನ ಕೋರ್ಟು, ಎರಡೂ ಬದಿಯಲ್ಲಿ ಹೊಳೆಯುವ ಕಂಬಗಳು. ಸಭೆಯಲ್ಲಿ ನಾನು ಕೊನೆಯ ಸಾಲಿನಲ್ಲಿ ಕುಳಿತೆ. ಭಾಷಣಗಳಾದವು. ಮಿಸ್ ತಮ್ಮ ಸರದಿ ಬಂದಾಗ "ನನಗೆ ಭಾಷಣ ಬರುವುದಿಲ್ಲ, ಊಟ ತಣಿಯುತ್ತದೆ" ಎಂದು ಹೇಳಿ ಕುಳಿತರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗಡಿಯಾರದ ಮುಖ ಈಗಲೂ ಒಳಗಡೆಗೇ ಇತ್ತು.

ಊಟದ ನಂತರ ಸಫಿಯಾ ನನ್ನ ತೋಳು ಹಿಡಿದು ಎಳೆದುಕೊಂಡು ಹೋಗಿ ಕ್ರೀಡಾ ವಿಭಾಗದ ಕೋಣೆಗೆ ದೂಡಿದಳು. "ಹೋಗು ಮಾರಾಯ್ತಿ. ನಿನ್ನನ್ನು ಅವರು ತಿನ್ನುವುದಿಲ್ಲ" ಎಂದು ಬಾಗಿಲಿನಿಂದಲೇ ತಿರುಗಿ ಹೋದಳು.

ಮಿಸ್ ಒಬ್ಬರೇ ಇದ್ದರು. ಹಳೆಯ ಜೆರ್ಸಿಗಳನ್ನು ಮಡಚಿ ಕಪಾಟಿನಲ್ಲಿ ಇಡುತ್ತಿದ್ದರು. ನನ್ನನ್ನು ಕಂಡು ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟರು.

"ಬಂದೆಯಾ," ಎಂದರು. "ಕೂತುಕೋ."

ನಾನು ಕುರ್ಚಿಯಲ್ಲಿ ಕುಳಿತೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಶುರು ಮಾಡಿದೆ. "ಮಿಸ್, ಆ ಫೈನಲ್ಲಿನ ದಿನ ನಾನು..."

"ನಿಲ್ಲು. ಮೊದಲು ನಾನು ಹೇಳ್ತೇನೆ." ಅವರು ಎದುರಿನ ಬೆಂಚಿನಲ್ಲಿ ಕುಳಿತರು. ಎರಡೂ ಕೈಯನ್ನು ಮಂಡಿಯ ಮೇಲೆ ಇಟ್ಟುಕೊಂಡರು, ತಪ್ಪು ಮಾಡಿದ ಮಕ್ಕಳು ಹೆಡ್‌ಮಾಸ್ಟರರ ಕೋಣೆಯಲ್ಲಿ ಕೂರುವ ಹಾಗೆ. "ಆ ದಿನ ಕೂಗಿದ್ದು ನಾನು ಮಗಾ."

ನನಗೆ ಅರ್ಥವಾಗಲಿಲ್ಲ.

"ಇಡ್ ಮೋಳೇ ಅಂತ. ಕೇಳಿತ್ತಲ್ಲ ನಿನಗೆ? ಕೇಳಿತ್ತು, ನನಗೆ ಗೊತ್ತು. ಚೆಂಡು ನಿನ್ನ ಕೈಗೆ ಬಂತು, ಮೇಲೆ ರಿಂಗ್ ಉಂಟು. ನನಗೆ ಬೇರೆ ಎಂತದೂ ಕಾಣಲಿಲ್ಲ. ಅಷ್ಟು ವರ್ಷದಿಂದ ನೋಡಿದ್ದು ಒಂದೇ ರಿಂಗ್ ಅಲ್ವಾ? ಎದ್ದು ನಿಂತು ಕೂಗಿಬಿಟ್ಟೆ. ಮಲಯಾಳದಲ್ಲಿ ಕೂಗಿದ್ದು ಅಂತ ಕೂಗಿದ ಮೇಲೆ ಗೊತ್ತಾಯಿತು. ನೀನು ಹಾಕಿದೆ. ನಾನು ಚಪ್ಪಾಳೆ ತಟ್ಟಿದೆ. ಕೋಚ್ ನಾನು, ಚಪ್ಪಾಳೆ ತಟ್ಟಿದೆ! ಆಮೇಲೆ ಸ್ಕೋರ್ ನೋಡಿದ್ದು. ಬೆಂಚಿನಲ್ಲಿದ್ದವರ ಕಣ್ಣೆಲ್ಲ ಚೆಂಡಿನ ಮೇಲೆ, ಆ ಗದ್ದಲದಲ್ಲಿ ನನ್ನನ್ನು ಯಾರೂ ಗಮನಿಸಲಿಲ್ಲ."

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಹತ್ತೊಂಬತ್ತು ವರ್ಷ ನಾನು ಶಪಿಸಿದ ಹೆಂಗಸು ಎದುರಿಗೆ ಕೂತಿದ್ದರು.

"ರೈಲಿನಲ್ಲಿ ನಿನ್ನ ಮುಖ ನೋಡ್ಲಿಕ್ಕೆ ನನಗೆ ಆಗಲಿಲ್ಲ. ಬಾಗಿಲಲ್ಲಿ ನಿಂತೆ. ಊರು ಮುಟ್ಟಿದ ಮೇಲೆ ಹೇಳುವ ಅಂತ. ನೀನು ಗ್ರೌಂಡಿಗೆ ಬರಲೇ ಇಲ್ಲ. ಬಾಕಿಯವರ ಹತ್ತಿರ ಹೇಳಲಿಲ್ಲ, ಮೊದಲು ನಿನಗೆ ಹೇಳಬೇಕಲ್ವಾ? ಆಮೇಲೆ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಹೇಳುವ ಅಂತ ಬಂದದ್ದು ನಾನು. ನೀನು ತಿರುಗಿ ನಿಂತೆ. ಹುಡುಗಿಗೆ ನನ್ನ ಮೇಲಿನ ಸಿಟ್ಟು ಹೋಗಲಿಲ್ಲ ಅಂತ ಗ್ರಹಿಸಿದೆ. ಸಿಟ್ಟು ಬರಬೇಕಾದ್ದೇ. ಅಷ್ಟು ಜನರ ಎದುರು ನಿನ್ನನ್ನು ಹಾಗೆ ಮಾಡಿದೆ ನಾನು."

"ಸಿಟ್ಟಲ್ಲ ಮಿಸ್," ಎಂದೆ. "ನಿಮಗೆ ನನ್ನ ಮೇಲೆ ಸಿಟ್ಟು ಅಂತ ನಾನು... ನನ್ನಿಂದಾಗಿ ನಿಮಗೆ ಯೂನಿವರ್ಸಿಟಿ ಟೀಮು ತಪ್ಪಿತಲ್ಲ."

"ಅದಾ?" ಮಿಸ್ ನಕ್ಕರು. ಎದೆಯ ಮೇಲಿದ್ದ ಭಾರ ಇಳಿದವರ ನಗು ಅದು. "ಅದು ತಪ್ಪಲಿಲ್ಲ. ಮುಂದಿನ ವರ್ಷಕ್ಕೆ ಅಂತ ಯೂನಿವರ್ಸಿಟಿಯವರೇ ಕರೆದಿದ್ದರು. ನಾನೇ ಬೇಡ ಅಂದೆ. ಒಬ್ಬಳಿಗೆ ಹೀಗೆ ಮಾಡಿ, ಅವಳ ಹತ್ತಿರ ಒಂದು ಮಾತು ಹೇಳ್ಲಿಕ್ಕೆ ಆಗದವಳು, ಬೇರೆಯವರ ಮಕ್ಕಳನ್ನು ಕರಕೊಂಡು ಹೋಗಿ ಎಂತ ಮಾಡುವುದು?"

"ಕರೆದದ್ದು ಯಾವಾಗ ಮಿಸ್?"

"ಆ ಮಳೆಗಾಲದಲ್ಲಿಯೇ. ನಿನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡ ಮರುವಾರ."

ಹೊರಗೆ ಸಫಿಯಾ ಫೋಟೋಕ್ಕೆ ಕರೆಯುತ್ತಿದ್ದಳು. ನಾನು ಏಳಲಿಲ್ಲ, ಹತ್ತು ನಿಮಿಷ ಓದಿದ್ದ ಆ ವೇಳಾಪಟ್ಟಿಯ ಹಲಗೆ ಕಣ್ಣ ಮುಂದೆ ಬಂದು ಮುಖ ಮುಚ್ಚಿಕೊಂಡು ಅಳತೊಡಗಿದೆ. ಮಿಸ್ ಹತ್ತಿರ ಬಂದು ನಿಂತರು. ಹಳೆಯ ಪಂದ್ಯಕ್ಕಾಗಿ ಅಳುತ್ತಿದ್ದೇನೆಂದು ತಿಳಿದು ನನ್ನ ತಲೆ ನೇವರಿಸುತ್ತಾ, "ಬಿಡು ಮಗಾ, ಬಿಡು. ಅದರಲ್ಲಿ ನಿನ್ನ ತಪ್ಪು ಎಂತದೂ ಇಲ್ಲ," ಎಂದರು.